ಅತ್ತೆಯ ಅಳವಿ, ನನ್ನ ಹೊಟ್ಟೆ

ಇವತ್ತು ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆಯುತ್ತಿದ್ದಾಗ ಪಕ್ಕದ ಮನೆಯ ಅಡುಗೆಮನೆಯಿಂದ ಅಳವಿ ಹುರಿಯುವ ವಾಸನೆ ಬಂತು. ಅಳವಿ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸಾಸಿವೆಗಿಂತ ಸಣ್ಣ ಕೆಂಪು ಕಾಳು. ನೆನೆಹಾಕಿದರೆ ಲೋಳೆಯಾಗುತ್ತದೆ, ತುಪ್ಪದಲ್ಲಿ ಹುರಿದರೆ ಚಟಪಟ ಅನ್ನುತ್ತದೆ. ಅದಕ್ಕೆ ಹಾಲು, ಬೆಲ್ಲ, ಒಣಕೊಬ್ಬರಿ ಹಾಕಿ ಪಾಯಸ ಮಾಡಿ ಬಾಣಂತಿಗೆ ಕೊಡುತ್ತಾರೆ. ನಮ್ಮ ಬೈಲಹೊಂಗಲದ ಕಡೆ ಅದನ್ನು ಬರೀ ರುಚಿಗೆಂದು ತಿಂದವರನ್ನು ನಾನು ಕಂಡಿಲ್ಲ. ಹಾಗಾಗಿ ಓಣಿಯಲ್ಲಿ ಅಳವಿಯ ವಾಸನೆ ಎದ್ದರೆ ಯಾರದೋ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಾರೆ ಅಂತಲೇ ಅರ್ಥ. ಬೇರೆ ಯಾರೂ ಸುದ್ದಿ ಹೇಳಬೇಕಾಗಿಲ್ಲ.

ಪಕ್ಕದ ಮನೆಯ ಶಿವಲೀಲಕ್ಕನ ಮಗಳು ಸುಜಾತಾ ಕಿತ್ತೂರಿನ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಾಳೆ. ಹೆಣ್ಣು ಕೂಸು. ಕೂಸಿನ ಅಳು ಕೇಳುತ್ತ, ಆ ವಾಸನೆ ಎಳೆದುಕೊಳ್ಳುತ್ತ ನಾನು ಬಕೀಟು ಹಿಡಿದು ನಿಂತೇ ಬಿಟ್ಟೆ. ಇಂಥ ವಾಸನೆಗೆ ಉಳಿದವರಿಗೆ ತವರುಮನೆ ನೆನಪಾಗಬಹುದು, ಅವ್ವ ನೆನಪಾಗಬಹುದು. ನನಗೆ ನೆನಪಾಗುವುದು ನನ್ನ ಹೊಟ್ಟೆ. ಆಮೇಲೆ ನನ್ನ ಅತ್ತೆ. ಇಬ್ಬರದೂ ಒಂದೇ ಕಥೆಯಾದ್ದರಿಂದ ಒಟ್ಟಿಗೇ ಹೇಳುತ್ತೇನೆ.

ಮೊದಲು ಹೊಟ್ಟೆ. ಧಾರವಾಡದ ಡಾಕ್ಟರೊಬ್ಬರು ಅದಕ್ಕೆ ಐ.ಬಿ.ಎಸ್. ಎಂದು ಹೆಸರಿಟ್ಟಿದ್ದಾರೆ. ಕೇಳಿದರೆ ಯಾವುದೋ ದೊಡ್ಡ ಪದವಿ ಪಾಸು ಮಾಡಿದಂತಿದೆ. ಕೊಳವೆ ಇಳಿಸಿ ಒಳಗೆಲ್ಲ ನೋಡಿದ ಮೇಲೆ ಅವರು, "ಹುಣ್ಣಿಲ್ಲ, ಗಂಟಿಲ್ಲ, ಏನೂ ಇಲ್ರಿ. ನಿಮ್ಮ ಕರಳ ಸ್ವಲ್ಪ ಸಿಟ್ಟಿನ ಸ್ವಭಾವದ್ದೈತಿ" ಅಂದರು. ನಾನು ಹೊರಗೆ ಬಂದು ನಮ್ಮವರಿಗೆ ಅದನ್ನೇ ಹೇಳಿದೆ. ಅವರು ತಲೆಯಾಡಿಸಿ, "ಮ್ಯಾಲಿಂದ ನೋಡಿದ್ರೂ ಹೇಳಬಹುದಿತ್ತ, ಕೊಳವಿ ಯಾಕ ಬೇಕಿತ್ತು?" ಅಂದರು. ಅವರ ಕೆಲಸ ನವಿಲುತೀರ್ಥದ ಅಣೆಕಟ್ಟಿನ ಕಡೆ, ಕಾಲುವೆಗಳಿಗೆ ನೀರು ಬಿಡುವುದು. ಮಾತು ಕಮ್ಮಿ. ಆಡಿದರೆ ಇಂಥವೇ.

ನಾನು ಬೈಲಹೊಂಗಲದಿಂದ ದೊಡವಾಡಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಮಕ್ಕಳಿಗೆ ಗಣಿತ ಕಲಿಸುವವಳು. ಬಸ್ಸು ಹತ್ತುವ ತನಕ ತೆಪ್ಪಗಿರುವ ಹೊಟ್ಟೆ, ಕಂಡಕ್ಟರು ಸೀಟಿ ಹೊಡೆದ ಕೂಡಲೇ ಎಚ್ಚರವಾಗುತ್ತದೆ. ಆ ರಸ್ತೆಯಲ್ಲಿ ಯಾವ ಮನೆಯವರ ಪಾಯಿಖಾನೆ ರಸ್ತೆಗೆ ಹತ್ತಿರ, ಯಾವ ಮನೆಯ ನಾಯಿ ಕಚ್ಚುವುದಿಲ್ಲ ಎಂಬುದೆಲ್ಲ ನನಗೆ ಬಾಯಿಪಾಠ. ಎಷ್ಟೋ ಮನೆಗಳ ಹೆಣ್ಣುಮಕ್ಕಳು ನನಗೆ ಗೆಳತಿಯರಾದದ್ದು ಹೀಗೆಯೇ. ಮೊದಲು ಒಳಗೆ ಓಡಿ, ಆಮೇಲೆ ಹೊರಗೆ ಬಂದು ಪರಿಚಯ ಹೇಳಿಕೊಂಡು, ಚಹಾ ಕುಡಿದು ಬಂದದ್ದಿದೆ.

ಇಂಥ ಹೊಟ್ಟೆ ಹೊತ್ತುಕೊಂಡು ನಮ್ಮ ಸೀಮೆಯಲ್ಲಿ ಬದುಕುವುದು ಸುಲಭವಲ್ಲ. ಜೋಳದ ರೊಟ್ಟಿಯೊಡನೆ ಅದಕ್ಕೆ ತಕರಾರಿಲ್ಲ. ತಕರಾರು ಇರುವುದು ರೊಟ್ಟಿಯ ಸುತ್ತ ಇರುವ ಎಲ್ಲದರ ಜೊತೆ: ಮಡಕಿಕಾಳಿನ ಪಲ್ಯ, ಝುಣಕ, ಗುದ್ದಿದ ಹಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿ ಕುಟ್ಟಿದ ಕೆಂಪು ಖಾರ. ಉಂಡ ತಾಸಿನೊಳಗೆ ಹೊಟ್ಟೆ ಉಬ್ಬತೊಡಗುತ್ತದೆ. ಮುಂಜಾನೆ ಸಪಾಟಾಗಿ ಉಟ್ಟ ಸೀರೆಯ ನಿರಿಗೆ ಸಂಜೆಗೆ ಒಂದು ಗೇಣು ಮುಂದೆ ಬಂದು ನಿಂತಿರುತ್ತದೆ. ಈ ಉಬ್ಬಿದ ಹೊಟ್ಟೆಯನ್ನು ಸ್ವಲ್ಪ ಲಕ್ಷ್ಯದಲ್ಲಿಡಿ. ಅದು ಓಣಿಯಲ್ಲಿ ಮಾಡಿದ ಗದ್ದಲವನ್ನು ಹೇಳುವುದಿದೆ.

ಜಗಳ ಬೇಡವೆಂದು ನಾನು ಒಂದೊಂದಾಗಿ ಎಲ್ಲವನ್ನೂ ಬಿಡುತ್ತ ಬಂದೆ. ಕಾಳು ಬಿಟ್ಟೆ, ಬೇಳೆ ಬಿಟ್ಟೆ, ಸೊಪ್ಪು ಬಿಟ್ಟೆ. ಕೊನೆಗೆ ಉಳಿದದ್ದು ಬಿಳಿ ಅನ್ನ ಮತ್ತು ತೆಳ್ಳನೆಯ ಮಜ್ಜಿಗೆ. ಹೊಟ್ಟೆ ಸುಮ್ಮನಾಯಿತು. ಆದರೆ ಸ್ವಲ್ಪ ದಿನಕ್ಕೆ ನನ್ನ ಮೋರೆಯೂ ಊಟದ ಬಣ್ಣಕ್ಕೆ ಬಂತು. ಮೆಟ್ಟಿಲು ಹತ್ತಿದರೆ ಉಬ್ಬಸ, ಕೂತು ಎದ್ದರೆ ಕಣ್ಣು ಕತ್ತಲೆ. ಒಂದು ದಿನ ಹಲಗೆಯ ಮೇಲೆ ವೃತ್ತ ಬರೆಯುತ್ತಿದ್ದಾಗ ವೃತ್ತದ ಜೊತೆಗೆ ಹಲಗೆಯೂ ತಿರುಗತೊಡಗಿತು. ಮಕ್ಕಳು ಹಿಡಿದು ಕೂರಿಸಿದರು.

ಬೈಲಹೊಂಗಲದ ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು, ರಕ್ತ ತೆಗೆಸಿದರು, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ಕರೆದು ಕೂರಿಸಿ ಹೇಳಿದರು: "ಗರ್ಭಚೀಲದಾಗ ಗಡ್ಡಿ ಅದಾವ್ರಿ. ತಿಂಗಳಾ ತಿಂಗಳಾ ರಕ್ತ ಭಾಳ ಹೋಗಿ ಹಿಂಗಾಗೈತಿ. ಚೀಲ ತಗಸೂದು ಚಲೋ. ಆದ್ರ ಈ ರಕ್ತದಾಗ ಯಾರೂ ನಿಮಗ ಆಪರೇಷನ್ ಮಾಡಂಗಿಲ್ಲ. ಮೊದಲ ರಕ್ತ ಏರಸ್ರಿ. ಕಬ್ಬಿಣ ಬೇಕು, ಪ್ರೋಟೀನ್ ಬೇಕು. ಕಾಳು ಕಡಿ ತಿನ್ರಿ."

"ಕಾಳು ನನಗ ಆಗಿಬರಂಗಿಲ್ರಿ."

"ಕಬ್ಬಿಣದ ಗುಳಿಗಿ ಬರಕೊಡತೇನಿ ಹಂಗಾರ."

"ಅದೂ ಆಗಿಬರಂಗಿಲ್ರಿ. ಹಿಂದ ತಗೊಂಡಿದ್ದೆ, ಹೊಟ್ಟಿ ಉರದು ಮೂರು ದಿನಾ ಸಾಲಿ ತಪ್ಪಿತ್ತು."

ಅವರು ಪೆನ್ನು ಕೆಳಗಿಟ್ಟರು. "ಮತ್ತೇನ ಆಗಿಬರತೈತ್ರಿ ಅಕ್ಕೋರ ನಿಮಗ?"

"ಅನ್ನಾ ಮಜ್ಜಿಗಿ," ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ನನಗೂ ನಗು ಬಂತು. ಆದರೆ ಆಸ್ಪತ್ರೆಯಿಂದ ಮನೆಗೆ ನಡೆದು ಬರುವಾಗ ವಿಷಯ ತಲೆಗೆ ಹತ್ತಿತು. ರಕ್ತ ಏರದೆ ಆಪರೇಷನ್ ಇಲ್ಲ. ಆಪರೇಷನ್ ಆಗದೆ ರಕ್ತ ಸೋರುವುದು ನಿಲ್ಲುವುದಿಲ್ಲ. ಏರಿಸಬೇಕಾದ ಊಟವನ್ನು ನನ್ನ ಹೊಟ್ಟೆ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ನಮ್ಮವರಿಗೆ ಎಲ್ಲ ಹೇಳಿದೆ. ಅತ್ತೆಗೆ ಮಾತ್ರ "ರಕ್ತ ಕಮ್ಮಿ ಐತಂತ್ರಿ" ಎಂದಷ್ಟೇ ಹೇಳಿದೆ. ಅದಕ್ಕೊಂದು ಕಾರಣವಿತ್ತು. ನಮಗೆ ಮಕ್ಕಳಾಗಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು, ನಾನು ನಲವತ್ತು ದಾಟಿದ್ದೆ. ಅಷ್ಟು ವರ್ಷದಲ್ಲಿ ಅತ್ತೆ ಆ ಬಗ್ಗೆ ನನಗೆ ಒಂದು ಮಾತು ಅಂದವರಲ್ಲ. ಯಾರಾದರೂ ಅಂದರೆ ಅವರನ್ನು ಬಿಡುತ್ತಿರಲಿಲ್ಲ. ಆದರೆ ಸಂಗೊಳ್ಳಿಯಲ್ಲಿ ಹುಟ್ಟಿ ಬೆಳೆದ ಈ ನನ್ನ ಅತ್ತೆ ಇಡೀ ಓಣಿಗೆ ಬಾಣಂತನದ ಹಿರಿಯಳು. ಯಾರ ಮನೆಯಲ್ಲಿ ಹೆರಿಗೆಯಾದರೂ ಕರೆ ಬರುವುದು ಇವರಿಗೇ. ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು, ಬಾಣಂತಿಗೆ ಬೆಂಕಿ ಕಾಸುವುದು, ಲೋಬಾನದ ಹೊಗೆ ಕೊಡುವುದು, ಖಾರೀಕು ಅಂದರೆ ಒಣ ಖರ್ಜೂರ, ಕೊಬ್ಬರಿ ಕುಟ್ಟುವುದು, ಎಲ್ಲ ಇವರದೇ. ಅಲ್ಲಿಂದ ಬರುವಾಗ ಅವರ ಸೀರೆಯೆಲ್ಲ ಎಣ್ಣೆ, ಲೋಬಾನ, ಕೂಸಿನ ವಾಸನೆ. ನಾನು ಆಗ ಏನಾದರೂ ನೆವ ತೆಗೆದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಅವರೂ ಸೀರೆ ಬದಲಿಸಿಯೇ ನನ್ನ ಜೊತೆ ಮಾತಾಡುತ್ತಿದ್ದರು. ಇಂಥವರ ಮುಂದೆ ನಿಂತು, ಅತ್ತಿ, ಇನ್ನ ಚೀಲಾನೂ ಇರಂಗಿಲ್ಲ ಎಂದು ಹೇಗೆ ಹೇಳುವುದು? ನನಗೆ ಆಪರೇಷನ್ನಿನ ಹೆದರಿಕೆಗಿಂತ ಆ ಮಾತಿನ ಹೆದರಿಕೆಯೇ ಹೆಚ್ಚಾಗಿತ್ತು.

ಇತ್ತ ರಕ್ತ ಕಮ್ಮಿ ಎಂಬ ಸುದ್ದಿ ಊರೂರಿಗೆ ಹೋಯಿತು. ನಮ್ಮ ಬಳಗದಲ್ಲಿ ಪ್ರೀತಿ ಎಂದರೆ ಡಬ್ಬಿ. ರಾಮದುರ್ಗದಲ್ಲಿರುವ ನಾದಿನಿ ಮೊಳಕೆ ಬಂದ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಬಸ್ಸಿಗೆ ಹಾಕಿದಳು. ಸವದತ್ತಿಯ ಚಿಕ್ಕಮ್ಮ ಶೇಂಗಾ ಉಂಡಿ ಕಳಿಸಿದರು. ನಮ್ಮ ಹೆಡ್‌ಮಾಸ್ತರರು ಬೀಟ್‌ರೂಟ್ ತಂದು ಮೇಜಿನ ಮೇಲಿಟ್ಟು, "ಇದರ ಬಣ್ಣಾ ನೋಡ್ರಿ ಅಕ್ಕೋರ, ಇದ ರಕ್ತ ಆಗಲಿಕ್ಕೆ ತಡಾ ಏನೈತಿ?" ಅಂದರು. ಅವರು ವಿಜ್ಞಾನದ ಮಾಸ್ತರರು, ಎದುರಾಡಲಿಲ್ಲ. ಒಲ್ಲೆ ಅಂದರೆ ನೊಂದುಕೊಳ್ಳುತ್ತಾರೆಂದು ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿಂದೆ. ಹೊಟ್ಟೆ ಎಲ್ಲರಿಗೂ ಒಂದೇ ಉತ್ತರ ಕೊಟ್ಟಿತು.

ಕೊನೆಗೆ ಧಾರವಾಡದ ಡಾಕ್ಟರು ಆಹಾರ ತಜ್ಞೆಯೊಬ್ಬರ ಹತ್ತಿರ ಕಳಿಸಿದರು. ಸಣ್ಣ ವಯಸ್ಸಿನ ಹುಡುಗಿ. ಅತ್ತೆಯೂ ಜೊತೆಗೆ ಬಂದಿದ್ದರು. ಆಕೆ ನಯವಾಗಿ ಹೇಳಿದಳು: ಇಡೀ ಕಾಳು ಸದ್ಯ ಬೇಡ. ಹೆಸರುಬೇಳೆ ನೆನೆಹಾಕಿ, ಆ ನೀರು ಚೆಲ್ಲಿ, ಬೆಣ್ಣೆಯಂತೆ ಬೇಯಿಸಿ ಸ್ವಲ್ಪವೇ ತಿನ್ನಿ. ಮೆಂತ್ಯ, ರಾಜಗಿರಿ ಸೊಪ್ಪಿನ ತಪ್ಪಲು ಚೆನ್ನಾಗಿ ಬೆಂದಿರಲಿ, ಮೇಲೆ ನಿಂಬೆಹಣ್ಣು ಹಿಂಡಿ. ಉಳ್ಳಾಗಡ್ಡಿಯ ಗಡ್ಡೆ ಬಿಟ್ಟು ಹಸಿರು ತಪ್ಪಲು ಹಾಕಿ. ಬಳ್ಳೊಳ್ಳಿಯ ರುಚಿ ಬೇಕಿದ್ದರೆ ಎಣ್ಣೆಯಲ್ಲಿ ಕರಿದು ಎಸಳು ತೆಗೆದುಬಿಡಿ. ಪನೀರ್ ತಿನ್ನಿ. ಗುಳಿಗೆಯ ಜಾತಿ ಬದಲಿಸಿ ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳಿ, ಡಾಕ್ಟರಿಗೆ ನಾನು ಹೇಳುತ್ತೇನೆ. ಊಟದ ಜೊತೆ, ಗುಳಿಗೆಯ ಜೊತೆ ಚಹಾ ಮಾತ್ರ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ.

ಹೋದ ಹೋದ ಮನೆಯಲ್ಲಿ ಚಹಾ ಕುಡಿಯುವವಳು ನಾನು. ಗುಳಿಗೆ ನುಂಗಿದ್ದೂ ಎಷ್ಟೋ ಸಲ ಚಹಾದ ಜೊತೆಗೇ. ನಾಚಿಕೆಯಾಗಿ ಅತ್ತೆಯ ಮುಖ ನೋಡಿದೆ. ಅವರು ಆ ಹುಡುಗಿಯನ್ನೇ ನೋಡುತ್ತಿದ್ದರು. ಬಸ್ಸಿನಲ್ಲಿ ಕೂತ ಮೇಲೆ ಬಾಯಿ ಬಿಟ್ಟರು.

"ಬಳ್ಳೊಳ್ಳಿ ಹಾಕಿ ತಗೀಯೂದಂದ್ರ ಏನವಾ ಅದು? ಬೀಗರ್ನ ಊಟಕ್ಕ ಕರದು ಬಾಗಲಾಗಿಂದ ಹೊಳ್ಳಿ ಕಳಿಸಿದಂಗ."

"ಹೇಳಿದ್ದ ಕೇಳೂಣ್ರಿ ಅತ್ತಿ."

"ಪನೀರಂತ. ಹಾಲ ಒಡೀತಂದ್ರ ನಾವು ಅಳತಿದ್ವಿ. ಇವರು ಬೇಕಂತ ಒಡಸ್ತಾರ." ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಊಟಾದ ಮ್ಯಾಲ ಚಾ ಇಲ್ಲಂದ್ರ ಊಟಾ ಮುಗೀತು ಅಂತ ಹೆಂಗ ತಿಳೀಬೇಕು?" ಅಂದರು.

ಬೈಯುತ್ತಲೇ ಬಂದರು. ಆದರೆ ಮರುದಿನ ಉಂಡು ಕೈತೊಳೆದವರು ಚಹಾದ ಪಾತ್ರೆ ಮುಟ್ಟಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಇಬ್ಬರಿಗೂ ಒಟ್ಟಿಗೆ ಮಾಡಿದರು. ಅರವತ್ತು ವರ್ಷದ ರೂಢಿ ಅದು. ನನ್ನ ಸಲುವಾಗಿ ಬಿಟ್ಟರು. ಇನ್ನು ಅಡುಗೆಯಲ್ಲಿ ಬಳ್ಳೊಳ್ಳಿ ಕರಿದು ತೆಗೆದ ಎಸಳುಗಳನ್ನು ತಮ್ಮ ತಾಟಿನ ಅಂಚಿಗೆ ಇಟ್ಟುಕೊಂಡು, ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತ, "ಪಾಪ, ಇವೇನ ತಪ್ಪ ಮಾಡ್ಯಾವು?" ಅನ್ನುತ್ತಿದ್ದರು.

ತತ್ತಿಯ, ಅಂದರೆ ಕೋಳಿಮೊಟ್ಟೆಯ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಅದು ಹೊಸ್ತಿಲು ದಾಟಿದ್ದಿಲ್ಲ. ಧಾರವಾಡದ ಆ ಹುಡುಗಿ ಅದನ್ನೂ ತಿನ್ನಲು ಹೇಳಿದ್ದಳು. ಮೂರನೆಯ ದಿನ ಅತ್ತೆ, "ಹಿತ್ತಲದಾಗ ಬ್ಯಾರೆ ಒಲಿ ಹೂಡು, ಬ್ಯಾರೆ ಬೋಗಾಣಿ ಇಡು. ಔಷಧ ಅಂದ್ರ ಔಷಧ" ಅಂದರು. ನಮ್ಮವರು ಕಾಗದದಲ್ಲಿ ಸುತ್ತಿ ಕಳ್ಳನಂತೆ ತಂದರು. ಬೇಯಿಸಿ, ಸುಲಿದು, ಬಾಯಿಯ ತನಕ ತಂದೆ. ಮುಂದೆ ಹೋಗಲಿಲ್ಲ. ಅತ್ತೆ ಹಿತ್ತಲ ಬಾಗಿಲಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತು, ಕಣ್ಣನ್ನೂ ಮುಚ್ಚಿಕೊಂಡು, "ನುಂಗವಾ, ನುಂಗು, ಒಮ್ಮೆ ನುಂಗಿಬಿಡು" ಎಂದು ಬೇಡಿಕೊಳ್ಳುತ್ತಿದ್ದರು. ನುಂಗಿದ್ದು ಓಣಿಯ ನಾಯಿ. ಬೋಗಾಣಿಯನ್ನು ಶಿವಲೀಲಕ್ಕನ ಕೋಳಿಗಳಿಗೆ ನೀರಿಡಲು ಕೊಟ್ಟೆವು.

ಹೀಗೆ ಹೆಸರುಬೇಳೆಯ ಕಟ್ಟು, ರಾಜಗಿರಿ, ಪನೀರ್, ಗುಳಿಗೆ ಎಂದು ದಿನ ಹೋಗುತ್ತಿತ್ತು. ಹೊಟ್ಟೆ ಗುರುಗುಟ್ಟುತ್ತಿತ್ತು, ಆದರೂ ಒಪ್ಪಿಕೊಳ್ಳುತ್ತಿತ್ತು. ರಕ್ತ ಮಾತ್ರ ಏರಲು ಅವಸರ ಮಾಡಲಿಲ್ಲ. ಅತ್ತೆಗೆ ತಾಳ್ಮೆ ತಪ್ಪಿತು. ಒಂದು ಮಧ್ಯಾಹ್ನ ಚೀಲ ಹಿಡಿದು ಒಬ್ಬರೇ ಪೇಟೆಗೆ ಹೋದರು. ನಾನು ಸಾಲಿಯಿಂದ ಬರುವಷ್ಟರಲ್ಲಿ ಮನೆಯ ತುಂಬ ಅಳವಿ ಹುರಿದ ವಾಸನೆ. ಹಾಲು, ಬೆಲ್ಲ, ತುಪ್ಪ, ಕೊಬ್ಬರಿ, ಖಾರೀಕು, ಉಂಡಿಗೆ ಹಾಕುವ ಅಂಟು ಎಲ್ಲ ಹಾಕಿ, ಹಸಿ ಬಾಣಂತಿಗೆ ಮಾಡುವ ಹಾಗೆಯೇ ಮಾಡಿ ದೊಡ್ಡ ಬಟ್ಟಲು ತುಂಬಿಸಿ ಕೈಗಿಟ್ಟರು. "ಇದನ್ನ ತಿಂದ ಯಾವ ಹೆಣಮಗಳೂ ಬಿಳಚಿಕೊಂಡಿಲ್ಲ. ತಿನ್ನು."

ಆ ಬಟ್ಟಲನ್ನು ಹಿಡಿದು ನನಗೇನಾಯಿತು ಎಂದು ಹೇಗೆ ಹೇಳಲಿ? ಈ ಮನೆಗೆ ನಾನು ಬಂದಾಗಿನಿಂದ ಅತ್ತೆ ಎಷ್ಟೋ ಮನೆಯಲ್ಲಿ ಅಳವಿ ಹುರಿದು ಬಂದಿದ್ದರು. ನಮ್ಮ ಒಲೆಯ ಮೇಲೆ ಹುರಿದದ್ದು ಅದೇ ಮೊದಲು. ಇವರಿಗೆ ಇನ್ನೂ ಆಸೆ ಇದೆಯೇನೋ ಅನ್ನಿಸಿತು. ಕೇಳುವ ಧೈರ್ಯವಾಗದೆ ಪೂರಾ ತಿಂದೆ.

ಮರುದಿನ ಸಾಲಿಗೆ ರಜೆ. ಹೊಟ್ಟೆ ಡೊಳ್ಳಿನಂತೆ ಉಬ್ಬಿತ್ತು. ಎಣ್ಣೆ ಹಚ್ಚಿಕೊಂಡು, ಸೊಂಟಕ್ಕೆ ಕೈಯಿಟ್ಟುಕೊಂಡು ನಿಧಾನವಾಗಿ ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದೆ. ಆಗ ಶಿವಲೀಲಕ್ಕ ಬಂದಳು. ಕೈಯಲ್ಲಿ ತಾಟು. ತಾಟಿನಲ್ಲಿ ಕುಪ್ಪಸಕ್ಕೆಂದು ಒಂದು ಗುಳೇದಗುಡ್ಡದ ಖಣ, ಹಸಿರು ಬಳೆ, ಮಲ್ಲಿಗೆ ಮಾಲೆ, ಸಕ್ಕರೆ. ಬಂದವಳೇ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕಣ್ಣು ತುಂಬಿಕೊಂಡು, ದನಿ ಇಳಿಸಿ ಕೇಳಿದಳು.

"ಇಂಥಾ ಸುದ್ದಿ ಮುಚ್ಚಿಡತಾರೇನ್ರಿ ಅಕ್ಕೋರ? ಎಷ್ಟ ತಿಂಗಳಾತು?"

ಅವಳದು ತಪ್ಪಲ್ಲ. ನಮ್ಮಲ್ಲಿ ದಿನ ಹತ್ತಿರ ಬಂತೆಂದರೆ ಅಳವಿ ತಂದು, ಹುರಿದು, ಡಬ್ಬಿ ತುಂಬಿಡುವ ರೂಢಿ. ಬಿಳಚಿದ ಮೋರೆ, ತಲೆಸುತ್ತು, ಆಸ್ಪತ್ರೆ, ಸಂಜೆ ಸಂಜೆಗೆ ಮುಂದೆ ಬರುವ ಹೊಟ್ಟೆ, ಮೇಲೆ ಈ ವಾಸನೆ. ಇಷ್ಟನ್ನು ಕೂಡಿಸಿದರೆ ಗಣಿತದವಳಾದ ನನಗೂ ಅದೇ ಉತ್ತರ ಬರುತ್ತಿತ್ತು. ಓಣಿಯವರೆಲ್ಲ ಕೂಡಿಸಿ ನೋಡಿ, ಖುಷಿಪಟ್ಟು, ಶಿವಲೀಲಕ್ಕನನ್ನು ಮುಂದೆ ಕಳಿಸಿದ್ದರು.

"ಇದು ಬರೇ ಗ್ಯಾಸ್ ರಿ ಅಕ್ಕಾ," ಅಂದೆ.

ಅವಳು ಮೊದಲು ನಕ್ಕಳು, ನಾನು ಚೇಷ್ಟೆ ಮಾಡುತ್ತಿದ್ದೇನೆಂದು. ಆಮೇಲೆ ನನ್ನ ಮೋರೆ ನೋಡಿದಳು. "ಅಯ್ಯ ಶಿವನ!" ಎಂದು ಸೆರಗು ಬಾಯಿಗಿಟ್ಟುಕೊಂಡು, ತಾಟನ್ನು ಸ್ಟೂಲಿನ ಮೇಲೆ ಬಿಟ್ಟು ಹೋಗಿಯೇ ಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇಪ್ಪತ್ತು ವರ್ಷ ನನಗಾಗಿ ಅವಳೂ ಕಾದಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಲಕ್ಷ್ಯವೆಲ್ಲ ಅಡುಗೆಮನೆಯ ಕಡೆಗಿತ್ತು. ಅಲ್ಲಿ ಅತ್ತೆ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು. ಓಣಿಯ ಬಾಯಿ ಮುಚ್ಚಿಸುವ ನನ್ನ ಅತ್ತೆ ಅವತ್ತು ಹೊರಗೂ ಬರಲಿಲ್ಲ.

ಇನ್ನು ತಡ ಮಾಡಬಾರದು ಅನ್ನಿಸಿತು. ಒಳಗೆ ಹೋದೆ.

"ಅತ್ತಿ, ನಿಮಗೊಂದ ಮಾತ ಹೇಳೂದೈತ್ರಿ. ರಕ್ತ ಏರಿಸಿಕೊಳ್ಳಾಕತ್ತಿದ್ದು ಯಾಕಂದ್ರ..."

"ಚೀಲ ತಗಸೂ ಸಲುವಾಗಿ," ಅಂದರು ಅವರು, ತಿರುಗದೆ. "ಅಂವಾ ಹೇಳ್ಯಾನ. ನೀ ದವಾಖಾನಿಗೆ ಹೋಗಿ ಬಂದ ದಿನಾನ ಹೇಳ್ಯಾನ. ಹೇಳಿ ಇಲ್ಲೇ ಕುಂತ ಅತ್ತಾನೂ."

ನಮ್ಮವರು ಅತ್ತದ್ದು ನನಗೆ ಗೊತ್ತಿರಲಿಲ್ಲ. ನಿಂತಲ್ಲೇ ಕೂತೆ. "ಮತ್ತ ಎಲ್ಲಾ ಗೊತ್ತಿದ್ದೂ ಅಳವಿ ಯಾಕ ತಂದ್ರಿ? ನೀವ ಇನ್ನೂ ಆಸೆ ಇಟ್ಟೀರಿ ಅಂತ ನನ್ನ ಜೀವಾನ ಹಾರಿತ್ತು."

ಅವರು ಒಲೆ ಆರಿಸಿ, ಕೈ ಒರೆಸಿಕೊಂಡು ನನ್ನೆದುರು ಕೂತರು.

"ಹುಚ್ಚಿ. ಹೊಟ್ಟಿ ಕೊಯ್ತಾರಂದಮ್ಯಾಲ ನಿನಗ ಬಾಣಂತನಾ ಬ್ಯಾಡನ? ಬಾಣಂತನಾ ಕೂಸಿಂದಂತ ತಿಳದೀಯೇನ? ಕೂಸಿಗೇನ, ಹಾಲ ಕುಡದು ಮಲಗತೈತಿ. ಬಾಣಂತನಾ ಹೆಣಮಗಳದು. ಬರಿದಾದ ಹೊಟ್ಟಿದು, ಸೋತ ಸೊಂಟದ್ದು." ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಮಂದಿ ಮಕ್ಕಳಿಗೆಲ್ಲಾ ಮಾಡೇನಿ. ನನ್ನ ಸೊಸಿಗೆ ಒಮ್ಮೆ ಮಾಡಬೇಕಂತ ನನ್ನ ಕೈಗೂ ಆಸೆ ಇತ್ತವಾ. ಅದೊಂದ ಆಸೆ ಇತ್ತ ನೋಡು, ಬ್ಯಾರೆ ಯಾವುದೂ ಇಲ್ಲ."

ನಾನು ಅತ್ತುಬಿಟ್ಟೆ. ಸಣ್ಣ ಹುಡುಗಿಯ ಹಾಗೆ, ಮೂಗು ಸೋರಿಸಿಕೊಂಡು ಅತ್ತೆ. ಇಪ್ಪತ್ತು ವರ್ಷ ಅಳುವುದನ್ನು ಹಿತ್ತಲಿಗೆ ಒಯ್ಯುತ್ತಿದ್ದವಳು ಅವತ್ತು ಅವರ ಮಡಿಲಲ್ಲೇ ತಲೆಯಿಟ್ಟು ಅತ್ತೆ. ಅವರ ಸೀರೆಗೆ ಹುರಿದ ಅಳವಿಯ ವಾಸನೆ ಹತ್ತಿತ್ತು. ಆ ಹೊತ್ತಿನಲ್ಲೂ ಹೊಟ್ಟೆ ಗುರ್ರೆಂದಿತು. ಅತ್ತೆ ನನ್ನ ಬೆನ್ನು ನೀವುತ್ತಿದ್ದ ಕೈ ನಿಲ್ಲಿಸಿ, "ಅಂಟ ಹಾಕಬಾರದ ಇತ್ತು ಕಾಣತೈತಿ" ಅಂದರು. ಅಳುತ್ತಿದ್ದವಳು ನಕ್ಕುಬಿಟ್ಟೆ.

ಅಲ್ಲಿಂದ ಮುಂದಿನದು ಅತ್ತೆಯ ಪಾಲಿಗೆ ದೊಡ್ಡ ತ್ಯಾಗ. ಬಾಣಂತಿ ಊಟದಲ್ಲಿ ತುಪ್ಪ ಕಡಿಮೆ ಮಾಡಿ ಅವರಿಗೆ ಗೊತ್ತಿಲ್ಲ. ಆದರೂ ಒಂದೊಂದಾಗಿ ತೆಗೆಯುತ್ತ ಹೋದರು. ಅಂಟು ಹೋಯಿತು, ಹಾಲು ಹೋಯಿತು, ಖಾರೀಕು ಹೋಯಿತು. ಕೊನೆಗೆ ನೀರಿನಲ್ಲಿ ತೆಳ್ಳಗೆ ಕುದಿಸಿದ ಒಂದು ಚಮಚ ಅಳವಿ, ಚೂರು ಬೆಲ್ಲ, ಅಷ್ಟೇ. ಅದನ್ನು ಬಟ್ಟಲಿಗೆ ಹಾಕುವಾಗ ಅವರ ಮುಖ ನೋಡಬೇಕಿತ್ತು. "ಇದನ್ನ ಯಾರರ ನೋಡಿದ್ರ ನನ್ನ ಮರ್ಯಾದಿ ಹೋಗತೈತಿ" ಎನ್ನುತ್ತ ಬಾಗಿಲು ಎಳೆದುಕೊಂಡು ಕೊಡುತ್ತಿದ್ದರು. ಧಾರವಾಡದ ಹುಡುಗಿಯನ್ನು ಫೋನಿನಲ್ಲಿ ಕೇಳಿದೆ. ಒಂದು ಚಮಚವಾದರೆ ಒಳ್ಳೆಯದೇ, ಬಟ್ಟಲು ತುಂಬ ಬೇಡ ಅಂದಳು. ಹೊಟ್ಟೆಯೂ ಅದನ್ನೇ ಅಂದಿತು.

ನಿಧಾನವಾಗಿ ರಕ್ತ ಏರಿತು. ಯಾವುದರಿಂದ ಏರಿತು ಎಂದು ಕೇಳಬೇಡಿ. ಬದಲಿಸಿದ ಗುಳಿಗೆಯಿಂದ ಎಂದು ಡಾಕ್ಟರಮ್ಮ ಹೇಳಿದರು. ಚಹಾ ದೂರ ಇಟ್ಟಿದ್ದರಿಂದ ಎಂದು ಆ ಹುಡುಗಿ. ಹೆಡ್‌ಮಾಸ್ತರರಿಗೆ ಬೀಟ್‌ರೂಟಿನ ಮೇಲೆ ಸಂಶಯವೇ ಇಲ್ಲ. ಅತ್ತೆ ಮಾತ್ರ ಅಳವಿಯ ಡಬ್ಬಿಯನ್ನು ಒರೆಸಿ ಮೇಲಿಟ್ಟರು.

ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿ, ನೀರು ಹಾಕಿಕೊಳ್ಳಬಹುದು ಎಂದು ಡಾಕ್ಟರು ಹೇಳಿದ ದಿನ ಅತ್ತೆ ಬೆಳಿಗ್ಗೆಯೇ ಹಂಡೆಗೆ ಉರಿ ಹಚ್ಚಿದ್ದರು. ತಲೆಗೆ ಎಣ್ಣೆ ಒತ್ತಿದರು, ಬೆನ್ನಿಗೆ ತಿಕ್ಕಿದರು. ಸುಡುವ ನೀರನ್ನು ಚರಿಗೆಯಿಂದ ಸೊಂಟದ ಕೆಳಗೆ, ಬೆನ್ನು ಮುಗಿಯುವ ಜಾಗಕ್ಕೆ, ಒಂದೇ ಸಮನೆ ಹೊಡೆದರು. ಅಲ್ಲೊಂದು ನೋವು ಇತ್ತೆಂದು ಆ ನೀರು ಬಿದ್ದಾಗಲೇ ನನಗೆ ತಿಳಿದದ್ದು. ಆಮೇಲೆ ಕಿವಿಗೆ ಅರಳೆ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ, ಕೋಣೆಯ ತುಂಬ ಲೋಬಾನದ ಹೊಗೆ. ಓಣಿಯ ಹೆಣ್ಣುಮಕ್ಕಳು ಬಾಣಂತಿಯನ್ನು ನೋಡಲು ಬರುವ ಹಾಗೆಯೇ ಕೊಬ್ಬರಿ ಬಟ್ಟಲು ಹಿಡಿದು ಬಂದರು. ಶಿವಲೀಲಕ್ಕ ಬಂದು ಕಾಲ ಬಳಿ ಕೂತು, ನನ್ನ ಪಾದ ಒತ್ತಿದಳು. ಕೂಸು ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಈಗ ಅದೆಲ್ಲ ಆಗಿ ಕೆಲವು ವರ್ಷವಾಯಿತು. ರಕ್ತ ಚೆನ್ನಾಗಿದೆ. ಹೊಟ್ಟೆ ಮಾತ್ರ ಹಾಗೇ ಇದೆ. ಇವತ್ತೂ ಕಂಡಕ್ಟರು ಸೀಟಿ ಹೊಡೆದರೆ ಎಚ್ಚರವಾಗುತ್ತದೆ. ಅದು ಹೋಗುವ ನೆಂಟನಲ್ಲ ಎಂದು ನಾನೂ ಅದಕ್ಕೊಂದು ತಾಟು ಇಟ್ಟಿದ್ದೇನೆ. ಅತ್ತೆಗೆ ವಯಸ್ಸಾಗಿದೆ, ಕೈಯಲ್ಲಿ ಮೊದಲಿನ ಕಸುವಿಲ್ಲ. ಆದರೂ ಬಾಣಂತನದ ಕರೆ ಬಂದರೆ ಇಲ್ಲ ಅನ್ನುವುದಿಲ್ಲ.

ಬಕೀಟು ಹಿಡಿದು ನಾನು ಅಂಗಳದಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. "ಶಿವಲೀಲಾನ ಮನಿಗೆ ಹೊಂಟೇನಿ. ಕೂಸಿನ್ನ ಹಿಡೀತೇನಿ, ಚರಿಗಿ ಎತ್ತಾಕ ಆಗವಲ್ದು. ನೀನೂ ಬಾ."

ಅಂಥ ಮನೆಗಳಿಗೆ ನನ್ನನ್ನು ಅವರು ಎಂದೂ ಕರೆದವರಲ್ಲ, ನಾನು ಎಂದೂ ಹೋದವಳಲ್ಲ. ಒಂದು ಗಳಿಗೆ ನಿಂತೆ. ಆಮೇಲೆ ಬಕೀಟು ಇಟ್ಟು ಅವರ ಹಿಂದೆ ನಡೆದೆ.

ಶಿವಲೀಲಕ್ಕ ಬಾಗಿಲಲ್ಲೇ ನನ್ನ ಕೈ ಹಿಡಿದು ಒಳಗೆ ಕರೆದೊಯ್ದಳು. ಬಚ್ಚಲಲ್ಲಿ ಸುಜಾತಾ ಮಣೆಯ ಮೇಲೆ ಮುದುಡಿ ಕೂತಿದ್ದಳು. ಹಂಡೆಯಿಂದ ಹಬೆ ಏಳುತ್ತಿತ್ತು. ನಾನು ಚರಿಗೆ ತುಂಬಿ, ನೀರಿನ ಬಿಸಿ ನನ್ನ ಮೊಣಕೈಗೆ ಹಾಕಿ ನೋಡಿಕೊಂಡು, ಅವಳ ಸೊಂಟದ ಕೆಳಗೆ, ಬೆನ್ನು ಮುಗಿಯುವ ಜಾಗಕ್ಕೆ ಹೊಡೆದೆ. ಅವಳು ಹಾ ಎಂದು ದೊಡ್ಡ ಉಸಿರು ಬಿಟ್ಟಳು.

"ಅಲ್ಲೇ ರಿ ಅಕ್ಕೋರ, ಅಲ್ಲೇ ಹಾಕ್ರಿ. ಅಲ್ಲೇ ನೋವೈತಂತ ನಿಮಗ ಹೆಂಗ ಗೊತ್ತಾತು?"

ನಾನು ಬಾಯಿ ತೆರೆಯುವ ಮೊದಲೇ ಹೊರಗೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದ ಅತ್ತೆ ಓಣಿಗೆಲ್ಲ ಕೇಳುವ ಹಾಗೆ ಉತ್ತರ ಕೊಟ್ಟರು.

"ಯಾಕ ಗೊತ್ತಿರಂಗಿಲ್ಲ? ಆಕೀ ಬಾಣಂತನಾ ನಾನ ಮಾಡೇನಿ!"